ಕೈ ಎತ್ತಲಾಗದ ಉಡುಪು

ನವೆಂಬರ್ ೨೧, ಗುರುವಾರ

ಪ್ರೀತಿಯ ಗುಂಡಿ,

ನಿನ್ನ ಅಕ್ಕನ ಆಶೀರ್ವಾದ. ನಿನ್ನ ನಾಲ್ಕು ಸಾಲಿನ ಕಾಗದ ಬಂದು ಆರು ವಾರವಾಯಿತು. ಉತ್ತರ ತಡವಾದದ್ದಕ್ಕೆ ಕೈನೋವು, ಕೆಲಸದ ಒತ್ತಡ ಎಂದೆಲ್ಲ ಎರಡು ಸಲ ಬರೆದು ಎರಡು ಸಲವೂ ಹರಿದುಹಾಕಿದೆ. ಕೈ ನೋಯುತ್ತಿಲ್ಲ, ಕೆಲಸವಂತೂ ಈಗ ಇಲ್ಲವೇ ಇಲ್ಲ. ಹೆದರಿದ್ದೆ, ಅಷ್ಟೇ. ಹೊಟ್ಟೆಗೆ ಹಾಕಿಕೋ ಎಂದು ಕೇಳುವ ಮುಖ ನನಗಿಲ್ಲ, ಆದರೂ ಕೇಳುತ್ತಿದ್ದೇನೆ.

ಎರಡು ಕೋಲು ಹಿಡಿದು ವರಾಂಡದ ತುದಿಯವರೆಗೆ ನಡೆದೆ ಎಂದು ಬರೆದಿದ್ದೀಯ. ಆ ಸಾಲನ್ನು ಕೆಳಗಿನ ಮನೆಯ ಗಡಿಯಾರ ರಿಪೇರಿಯವರಿಗೆ ಓದಿ ಹೇಳಿದೆ. ಅವರು ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿ ತೆಗೆದು, ಇನ್ನೊಮ್ಮೆ ಓದಿ ಎಂದರು. ನರ್ಸಮ್ಮ ಬೈಯುತ್ತಾರೆ ಎಂದು ದೂರಿದ್ದೀಯ. ಬೈಯಲಿ, ಬೈಯದೆ ನಿನ್ನ ಕೈಲಿ ಯಾರೂ ಯಾವ ಕೆಲಸವನ್ನೂ ಮಾಡಿಸಿದ್ದಿಲ್ಲ. ನೀರು ಹಾಕು ಎಂದು ನೀನು ಒಪ್ಪಿಸಿಹೋಗಿದ್ದ ಕಿಟಕಿಯ ಗಿಡ ಸತ್ತಿತು. ಎಲ್ಲವನ್ನೂ ಬರೆಯಬೇಕು ಎಂದು ಕುಳಿತಿದ್ದೇನಲ್ಲ, ಆದ್ದರಿಂದ ಅದನ್ನೂ ಬರೆದೆ.

"ಮೊದಲಿನಿಂದ ಬರಿ. ಕಣ್ಣಾರೆ ಕಂಡದ್ದನ್ನಷ್ಟೇ ಬರಿ. ವಕೀಲರಿಗೆ ಕೊಡಬೇಕು" ಎಂದು ನೀನು ಕೇಳಿದ್ದೆ. ಮುಂದಿನ ತಿಂಗಳು ಸಾಹಸ ಕಲಾವಿದರ ಸಂಘದ ವಿಚಾರಣೆ ನಡೆಯುತ್ತದೆ ಎಂದು ನನಗೂ ಗೊತ್ತು. ಡೂಪ್ ಆಗಿದ್ದವಳು ನಿಲ್ಲಿಸುವ ಸನ್ನೆ ಕೊಡಲಿಲ್ಲ, ಆದ್ದರಿಂದ ತಪ್ಪು ಅವಳದೇ ಎಂದು ಸಿನಿಮಾ ಕಂಪನಿಯವರು ಬರೆದುಕೊಟ್ಟಿದ್ದಾರೆ. ಅದು ಹಾಗೇ ನಿಂತರೆ ನಾಳೆ ನೀನು ಮಕ್ಕಳಿಗೆ ಹಗ್ಗದ ಪಾಠ ಹೇಳಿಕೊಡಲು ಹೋದರೂ ನಿನ್ನನ್ನು ಬಾಗಿಲಲ್ಲೇ ನಿಲ್ಲಿಸುತ್ತಾರೆ. ನೀನು ಬಿದ್ದ ದಿನದ್ದು ನಿನಗೆ ಒಂದೂ ನೆನಪಿಲ್ಲ. ನನಗೆ ಎಲ್ಲವೂ ಇದೆ. ನಿನಗೆ ಗೊತ್ತಿರುವುದನ್ನೂ ಗೊತ್ತಿಲ್ಲದವಳಿಗೆ ಹೇಳುವಂತೆ ಬರೆಯುತ್ತೇನೆ, ಓದುವ ವಕೀಲರು ನಮ್ಮ ಮನೆಯವರಲ್ಲವಲ್ಲ.

ನಾನು ಈ ಸ್ಟುಡಿಯೋದ ಉಡುಪಿನ ವಿಭಾಗಕ್ಕೆ ಸೇರಿ ಇಪ್ಪತ್ತಾರು ವರ್ಷ. ಕಾಜಾ ಹೊಲಿಯುವವಳಾಗಿ ಸೇರಿದೆ, ಕಟಿಂಗ್ ಮಾಸ್ಟರ್ ಆದೆ. ಅಮ್ಮ ಹೋದಾಗ ನಿನಗೆ ಎಂಟು, ನನಗೆ ಹತ್ತೊಂಬತ್ತು. ನಿನ್ನನ್ನು ಬಿಡಲು ಬೇರೆ ಜಾಗವಿಲ್ಲದೆ ಕೆಲಸಕ್ಕೆ ಕರೆದುಕೊಂಡು ಬರುತ್ತಿದ್ದೆ. ಮೊದಲ ವಾರವೇ ನೀನು ಯಾವುದೋ ರಾಜನ ಕೋಟಿನ ಗುಂಡಿ ನುಂಗಿ ಈ ಹೆಸರು ಸಂಪಾದಿಸಿಕೊಂಡೆ. ನಾನು ಮಿಶಿನ್ ಮುಂದೆ ಬಗ್ಗಿ ಕುಳಿತಿರುವಾಗ ನೀನು ಹಿಂದಿನ ಶೆಡ್ಡಿನಲ್ಲಿ ಫೈಟರುಗಳ ಜೊತೆ ಗೋಡೆ ಹತ್ತುವುದನ್ನು ಕಲಿತೆ. ಹದಿನೇಳಕ್ಕೆ ಹಗ್ಗದ ಮೇಲೆ ಹೋದೆ. ನಾನು ಬೇಡ ಅಂದೆ, ನೀನು ಕೇಳಲಿಲ್ಲ. ಅದು ಹಳೆಯ ಜಗಳ.

ನೀನು ಬಿದ್ದ ಸಿನಿಮಾದ ಕಥೆ ಸರಳ. 'ಉಲ್ಕೆ' ಎಂಬ ಹೆಂಗಸು ಆಕಾಶದಿಂದ ಬೀಳುತ್ತಾಳೆ, ಬೀಳುತ್ತಿರುವವರನ್ನು ಹಿಡಿಯುತ್ತಾಳೆ. ಅವಳ ಸೂಟಿನ ಚಿತ್ರವನ್ನು ಬರೆದವನು ಜೀವಮಾನದಲ್ಲಿ ಒಂದು ಮೈಗೂ ಬಟ್ಟೆ ಹಾಕಿಸಿದವನಲ್ಲ. ಆ ಚಿತ್ರದಲ್ಲಿದ್ದ ಹೆಂಗಸಿಗೆ ಪಕ್ಕೆಲುಬಿರಲಿಲ್ಲ, ಕರುಳಿರಲಿಲ್ಲ, ದಿನಕ್ಕೊಂದು ಸಲ ಬಚ್ಚಲಿಗೆ ಹೋಗುವ ಅಗತ್ಯವೂ ಇದ್ದಂತಿರಲಿಲ್ಲ. ಕುತ್ತಿಗೆಯಿಂದ ಪಾದದವರೆಗೆ ಬೆಳ್ಳಿ ಬಣ್ಣದ ರಬ್ಬರು, ಎದೆಯ ಮೇಲೆ ಗಟ್ಟಿ ಹಲಗೆ, ನಾಲ್ಕಿಂಚು ಹಿಮ್ಮಡಿಯ ಬೂಟು, ಕಿವಿ ಮುಚ್ಚುವ ಮುಖವಾಡ. ಬೆನ್ನಿನ ಜಿಪ್ಪು ಕಾಣಬಾರದು ಎಂದು ಅದರ ಮೇಲೆ ಅಂಟು ಹಚ್ಚಿ ಪಟ್ಟಿ ಒತ್ತಬೇಕು. ಮೈಗೆ ಪೌಡರು ಬಳಿದು ಇಬ್ಬರು ಸೇರಿ ಎಳೆದರೆ ಹಾಕಲು ಮುಕ್ಕಾಲು ಗಂಟೆ, ತೆಗೆಯಲು ಅದಕ್ಕಿಂತ ಹೆಚ್ಚು. ಮೀಟಿಂಗಿನಲ್ಲಿ ನಾನು, ಇವಳು ಮನೆ ಬೀಗದಕೈ ಎಲ್ಲಿಟ್ಟುಕೊಳ್ಳುತ್ತಾಳೆ ಎಂದು ಕೇಳಿದೆ. ಎಲ್ಲರೂ ನಕ್ಕರು. ಅವಳು ಕಿಟಕಿಯಿಂದ ಹಾರಿ ಒಳಗೆ ಬರುತ್ತಾಳೆ ಎಂದು ಡೈರೆಕ್ಟರು ಹೇಳಿದರು. ಅದೇ ಸಿನಿಮಾದ ಗಂಡು ವೀರನ ಸೂಟಿಗೆ ಎದುರಿಗೇ ಜಿಪ್ಪು, ಚಪ್ಪಟೆ ಬೂಟು, ಒಳಗೆ ತಣ್ಣೀರು ಹರಿಯುವ ಕೊಳವೆ, ಸೊಂಟದಲ್ಲಿ ಎರಡು ಜೇಬು. ಜೇಬಿನಲ್ಲಿ ಅವನು ಸಿಗರೇಟು ಇಟ್ಟುಕೊಳ್ಳುತ್ತಿದ್ದ.

ಉಲ್ಕೆಯ ಪಾತ್ರಕ್ಕೆ ಪರೀಕ್ಷೆ ತೆಗೆದುಕೊಂಡವರಲ್ಲಿ ನೀನೂ ಒಬ್ಬಳು. ಅವತ್ತು ಆರು ಸಲ ಗೋಡೆಯ ಮೇಲೆ ಓಡಿ ತಿರುಗಿ ಇಳಿದೆ. ಏಳನೆಯ ಸಲ ಹೇಳದೆಯೇ ಓಡಿದೆ. ಇವಳು ಹೊಡೆದರೆ ನಿಜವಾಗಿ ಪೆಟ್ಟು ಬೀಳುತ್ತದೆ ಎಂದು ಜನ ನಂಬುತ್ತಾರೆ ಎಂದು ಡೈರೆಕ್ಟರು ಕ್ಯಾಮೆರಾದವನಿಗೆ ಹೇಳಿದ್ದನ್ನು ನಾನೇ ಕೇಳಿಸಿಕೊಂಡೆ. ಮೂರು ವಾರ ನೀನು ನೆಲದ ಮೇಲೆ ಕಾಲಿಟ್ಟು ನಡೆಯಲಿಲ್ಲ. ಆಮೇಲೆ ಸ್ಟುಡಿಯೋ ಮ್ಯಾನೇಜರ ಫೋನು ಬಂತು. ನೀನು ಚೆನ್ನಾಗಿಯೇ ಮಾಡಿದ್ದೆ, ಆದರೆ ಸೂಟು ನಿನ್ನ ಮೈಗೆ ಕೂರುವುದಿಲ್ಲ, ಪಾತ್ರ ಸೆಂಟಿನ ಜಾಹೀರಾತಿನ ಹುಡುಗಿಗೆ ಹೋಗಿದೆ ಎಂದರು. ನೀನು ಅಳಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತು, "ಅಕ್ಕ, ಭುಜ ಸಣ್ಣ ಮಾಡ್ಕೊಳಕ್ಕೆ ಏನಾದ್ರೂ ದಾರಿ ಇದ್ಯಾ?" ಎಂದು ಕೇಳಿದೆ. ನಾನು ಇಸ್ತ್ರಿ ಹಾಕುತ್ತಿದ್ದೆ. ಮೂಳೆ ಕೆತ್ತುವ ದರ್ಜಿ ಇನ್ನೂ ಹುಟ್ಟಿಲ್ಲ ಎಂದು ಹೇಳಿ ಇಸ್ತ್ರಿ ಮುಂದುವರಿಸಿದೆ.

ಒಂದು ತಿಂಗಳಿಗೆ ಅವರೇ ಮತ್ತೆ ಕರೆದರು, ಅದೇ ಹುಡುಗಿಗೆ ಡೂಪ್ ಆಗಲು. ಮರ್ಯಾದೆ ಇದ್ದರೆ ಹೋಗಬೇಡ ಎಂದೆ. ಮುಖ ಯಾರದಾದರೇನು, ಹಾರುವುದು ನಾನಲ್ಲವೇ ಎಂದು ನೀನು ಹೋದೆ.

ಆ ಹುಡುಗಿಯನ್ನು ನಾವಿಬ್ಬರೂ ಎಷ್ಟು ಆಡಿಕೊಂಡಿದ್ದೇವೆ. ಈಗ ನ್ಯಾಯವಾಗಿ ಬರೆಯುತ್ತೇನೆ. ಅವಳು ದಿನವಿಡೀ ಅರ್ಧ ಸೇಬು ತಿಂದು ನಿಲ್ಲುತ್ತಿದ್ದಳು. ಸೂಟು ಹಾಕಿದ ಮೇಲೆ ಕೂರಲು ಬರುತ್ತಿರಲಿಲ್ಲ. ಒರಗಿಕೊಳ್ಳಲು ಬಡಗಿಯಿಂದ ಒಂದು ಹಲಗೆ ಮಾಡಿಸಿದ್ದೆವು, ಶಾಟು ಶಾಟಿನ ನಡುವೆ ಅವಳನ್ನು ಏಣಿಯ ಹಾಗೆ ಅದಕ್ಕೆ ಒರಗಿಸಿ ಇಡುತ್ತಿದ್ದರು. ಮೊದಲ ಫಿಟ್ಟಿಂಗಿನ ದಿನ ಹದಿನಾಲ್ಕು ಜನರ ಎದುರು ಡೈರೆಕ್ಟರು ಅವಳ ಸೊಂಟ ನೋಡಿ, "ಇನ್ನೂ ಎರಡಿಂಚು ತೆಗೀಬೇಕು. ಬಟ್ಟೆಯಿಂದ ಅಲ್ಲ" ಎಂದರು. ನಾವೆಲ್ಲ ನಕ್ಕೆವು. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ.

ಈಗ ವಕೀಲರು ಗಮನವಿಟ್ಟು ಓದಬೇಕಾದ ಭಾಗ. ಮೈಗೆ ಅಂಟಿದ ಯಾವ ಉಡುಪಿನಲ್ಲೂ ಕೈ ತಲೆಯ ಮೇಲಕ್ಕೆ ಹೋಗಬೇಕಾದರೆ ಕಂಕುಳಲ್ಲಿ ಚೌಕದ ಒಂದು ತುಂಡು ಸೇರಿಸಿ ಹೊಲಿಯಬೇಕು. ಅಂಗೈಯಷ್ಟು ತುಂಡು. ಕೈ ಇಳಿಸಿದಾಗ ಅದು ಒಳಗೆ ಮಡಚಿಕೊಂಡು ಸ್ವಲ್ಪ ಸುಕ್ಕು ಕಾಣುತ್ತದೆ. ನಾನು ಎರಡೂ ಸೂಟಿಗೆ ಅದನ್ನು ಹಾಕಿದ್ದೆ. ಕ್ಯಾಮೆರಾ ಪರೀಕ್ಷೆಯಲ್ಲಿ ಡೈರೆಕ್ಟರಿಗೆ ಹುಡುಗಿಯ ಸೂಟಿನ ಸುಕ್ಕು ಕಂಡಿತು. ತೆಗೆಸಿದರು. ಅವಳು ನಿಲ್ಲುವವಳು, ತಿರುಗುವವಳು, ಪರವಾಗಿಲ್ಲ ಎಂದು ತೆಗೆದೆ. ಶೂಟಿಂಗಿನ ಹತ್ತನೆಯ ದಿನ ನಿನ್ನ ಸೂಟಿನದೂ ಕಂಡಿತು. ಎರಡು ಸೂಟು ಬೇರೆ ಬೇರೆ ಕಾಣುತ್ತಿವೆ, ಇದನ್ನೂ ತೆಗೆಯಿರಿ ಎಂದರು.

ಕಟಿಂಗ್ ಕೋಣೆಯಲ್ಲಿ ಅವತ್ತು ಡೈರೆಕ್ಟರು, ಸ್ಟಂಟ್ ಮಾಸ್ಟರು, ಬೂಟಿನ ಅಳತೆಗೆ ಬಂದಿದ್ದ ಆ ಹುಡುಗಿ, ನಾನು, ಇಷ್ಟು ಜನ ಇದ್ದೆವು. ನೀನಿರಲಿಲ್ಲ. ಇವಳು ಹಗ್ಗದ ಮೇಲೆ ಹೋಗುವವಳು, ಏನಾದರೂ ಎಡವಟ್ಟಾದರೆ ತಲೆಯ ಮೇಲೆ ಕೈ ಎತ್ತುವುದೇ ನಿಲ್ಲಿಸುವ ಸನ್ನೆ, ಈ ತುಂಡು ಹೋದರೆ ಕೈ ಎದೆಯ ಮಟ್ಟದಿಂದ ಮೇಲೆ ಬರುವುದಿಲ್ಲ ಎಂದು ನಾನು ಹೇಳಿದೆ. ಹೇಳಿದ್ದು ನಿಜ. ಡೈರೆಕ್ಟರು ಸ್ಟಂಟ್ ಮಾಸ್ಟರರ ಮುಖ ನೋಡಿದರು. ಮಾಸ್ಟರರು ತಮ್ಮ ಬೂಟಿನ ತುದಿ ನೋಡಿಕೊಂಡು, ಹೇಗೋ ನಿಭಾಯಿಸೋಣ ಎಂದರು. ಆಗ ನಾನು ಒಂದು ಕೆಲಸ ಮಾಡಿದೆ. ಸೂಟಿನ ಅಳತೆಗೆ ಕಾಗದದಲ್ಲಿ ಕತ್ತರಿಸಿಟ್ಟ ನನ್ನ ಪೇಪರ್ ಕಟಿಂಗನ್ನು ಮುಂದಿಟ್ಟು, ಇದರ ಮೇಲೆ ಬರೆದುಕೊಡಿ ಸರ್ ಎಂದೆ. ಡೈರೆಕ್ಟರು "ಕಂಕುಳ ತುಂಡು ಬೇಡ" ಎಂದು ಬರೆದು, ತಾರೀಖು ಹಾಕಿ, ಸಹಿ ಮಾಡಿದರು. ಆ ಕಾಗದ ನಿನ್ನ ರಕ್ಷಣೆಗಾಗಿ ಎಂದು ನೀನು ತಿಳಿದೀಯ. ನನ್ನ ರಕ್ಷಣೆಗಾಗಿ ಬರೆಸಿಕೊಂಡದ್ದು ಅದು. ಆಮೇಲೆ ತುಂಡನ್ನು ಬಿಚ್ಚಿ ಬಾಯಿ ಸೇರಿಸಿ ಹೊಲಿದೆ. ಇಪ್ಪತ್ತು ನಿಮಿಷವೂ ಹಿಡಿಯಲಿಲ್ಲ. ನಿನಗೆ ಹೇಳಲಿಲ್ಲ.

ಮಾರನೆಯ ದಿನ ನೀನು ಸೂಟು ಹಾಕಿಕೊಂಡು ಕನ್ನಡಿಯ ಮುಂದೆ ಬಲಗೈ ಎತ್ತಿದೆ. ಎದೆಯವರೆಗೆ ಬಂದು ನಿಂತಿತು. ಕನ್ನಡಿಯೊಳಗಿಂದಲೇ ನನ್ನನ್ನು ನೋಡಿ, "ಅಕ್ಕ, ಕೈ ಬರ್ತಿಲ್ಲ" ಎಂದೆ.

"ಹೊಸ ಹೊಲಿಗೆ. ಮೈ ಬಿಸಿಗೆ ಸಡಿಲ ಆಗತ್ತೆ" ಎಂದೆ ನಾನು.

ರಬ್ಬರು ಅಲ್ಲಿ ಸಡಿಲವಾಗುವುದಿಲ್ಲ. ಇಪ್ಪತ್ತಾರು ವರ್ಷದ ಕೆಲಸಗಾರ್ತಿಗೆ ಅದು ಗೊತ್ತಿತ್ತು. ನೀನು ನಂಬಿದೆ, ಮುಖವಾಡ ಹಾಕಿಸಿಕೊಳ್ಳಲು ಕತ್ತು ಬಗ್ಗಿಸಿದೆ. ಇದು ನಿನಗೆ ನೆನಪಿಲ್ಲ ಎಂದು ಡಾಕ್ಟರು ಹೇಳಿದ ದಿನ ನನಗೆ ಸಮಾಧಾನವಾಯಿತು. ಅದನ್ನೂ ಬರೆದಿದ್ದೇನೆ, ಓದಿಕೋ.

ಮಧ್ಯಾಹ್ನ ದೊಡ್ಡ ಶೆಡ್ಡಿನಲ್ಲಿ ಮೂವತ್ತಡಿ ಮೇಲಿನಿಂದ ಬೋರಲಾಗಿ ಬಿದ್ದು ಆಳೆತ್ತರದಲ್ಲಿ ನಿಲ್ಲಬೇಕಾದ ಶಾಟು. ಎರಡು ಸಲ ಸರಿಯಾಗಿಯೇ ಬಂತು. ಹಿಂದೆ ಮೋಡ ಸೇರಿಸುತ್ತಾರಂತೆ, ಇನ್ನೊಂದು ಇರಲಿ ಎಂದರು. ಮೂರನೆಯ ಸಲ ಕೈಬಿಟ್ಟ ಕ್ಷಣವೇ ಎಡಸೊಂಟದ ಕೊಕ್ಕೆ ಜಾರಿತು. ನೀನು ಒಂದು ಪಕ್ಕಕ್ಕೆ ವಾಲಿದೆ. ನಾನು ಮಾನಿಟರಿನ ಪಕ್ಕದಲ್ಲಿದ್ದೆ. ನಿನ್ನ ಬಲಗೈ ಮೇಲೆದ್ದಿತು, ಎದೆಯ ಹತ್ತಿರ ನಿಂತಿತು. ಮತ್ತೊಮ್ಮೆ ಎದ್ದಿತು, ಮತ್ತೆ ಅಲ್ಲೇ ನಿಂತಿತು. ಹಗ್ಗ ಹಿಡಿದವನು ನೋಡುವುದು ತಲೆಯ ಮೇಲೆ ಕೈ ಬಂತೇ ಎಂದು ಮಾತ್ರ. ಅದೇ ಅವನ ಕೆಲಸ. ಬರಲಿಲ್ಲ, ಅವನು ಬಿಡುತ್ತ ಹೋದ. ನೀನು ಹಾಸಿಗೆ ತಪ್ಪಿ ಕಬ್ಬಿಣದ ಅಟ್ಟಣೆಯ ಅಂಚಿಗೆ ಬಡಿದೆ. ಶಬ್ದದ ಬಗ್ಗೆ ಬರೆಯುವುದಿಲ್ಲ.

ಆಂಬುಲೆನ್ಸಿನವನು ಸೂಟು ಕತ್ತರಿಸಲು ಕೂತಾಗ ಮ್ಯಾನೇಜರು ಅವನ ಬೆನ್ನ ಹಿಂದೆ ನಿಂತು, "ಹೊಲಿಗೆ ಮೇಲೇ ಕತ್ತರಿಸಪ್ಪ, ಇನ್ನೊಂದು ರೆಡಿ ಇಲ್ಲ" ಎಂದರು. ಅವನು ತಿರುಗಿ ಕೂಡ ನೋಡಲಿಲ್ಲ. ಅಡ್ಡಡ್ಡ ಕತ್ತರಿಸಿದ. ಅವನ ಕೈಗೆ ನಾನು ಎರಡು ಹೊತ್ತು ಊಟ ಹಾಕಲು ಸಿದ್ಧ.

ನಾಲ್ಕನೆಯ ದಿನ ನಿನಗಿನ್ನೂ ಪ್ರಜ್ಞೆ ಬಂದಿರಲಿಲ್ಲ. ಮ್ಯಾನೇಜರು ಕಟಿಂಗ್ ಕೋಣೆಗೆ ಬಂದು ಬಾಗಿಲು ಹಾಕಿದರು. ನನ್ನ ಸೇವೆಯ ಬಗ್ಗೆ ಮಾತಾಡಿದರು, ಇನ್ನು ಮುಂದೆ ನಿನ್ನನ್ನು ನೋಡಿಕೊಳ್ಳಲು ನನಗೊಂದು ನೆಲೆ ಬೇಕಲ್ಲ ಎಂದರು. ಕತ್ತರಿಸಿದ ಸೂಟಿನ ಜೋಡಿ ಎಂದು ವಿಚಾರಣೆಗೆ ತೋರಿಸಲು ನಿನ್ನ ಅಳತೆಯದೇ ಒಂದು ಸೂಟು ಬೇಕು, ಕಂಕುಳ ತುಂಡು ಇರುವಂಥದ್ದು, ಇಲ್ಲವಾದರೆ ಕೊನೆಗೆ ಕತ್ತರಿ ಹಿಡಿದವರ ತಲೆಗೇ ಬರುತ್ತದೆ ಎಂದರು.

ಹೊಲಿದುಕೊಟ್ಟೆ ಗುಂಡಿ. ಇಷ್ಟೇ ಆಗಿದ್ದರೆ ಹೆದರಿ ಮಾಡಿದಳು ಅನ್ನಬಹುದಿತ್ತು. ಹೊಸ ಸೂಟು ಹೊಸದಾಗಿಯೇ ಕಾಣುತ್ತಿತ್ತು. ಕಂಕುಳಿಗೆ ಉಜ್ಜುಗಲ್ಲು ಹಾಕಿ ತಿಕ್ಕಿದೆ. ಪೌಡರಿಗೆ ನೀರು ಬೆರೆಸಿ ಬೆವರಿನ ಕಲೆ ಮಾಡಿದೆ. ಮೊಣಕಾಲಲ್ಲಿ ಎರಡು ಗೀರು ಎಳೆದೆ. ಅದನ್ನು ಯಾರೂ ಕೇಳಿರಲಿಲ್ಲ. ಕೆಲಸ ಅಚ್ಚುಕಟ್ಟಾಗಿರಲಿ ಎಂದು ನಾನಾಗಿಯೇ ಮಾಡಿದೆ. ಮುಗಿಸಿ ನೇತುಹಾಕಿ ನೋಡಿದಾಗ ಚೆನ್ನಾಗಿದೆ ಅನ್ನಿಸಿತು. ಅಲ್ಲಿಂದ ನೇರವಾಗಿ ಆಸ್ಪತ್ರೆಗೆ ಬಂದು ನಿನ್ನ ಕೈ ಹಿಡಿದು ಕೂತೆ. ನರ್ಸುಗಳೆಲ್ಲ, ಅಕ್ಕ ಅಂದರೆ ಹೀಗಿರಬೇಕು ಎಂದರು.

ಸಿನಿಮಾ ಸೆಪ್ಟೆಂಬರಿನಲ್ಲಿ ತೆರೆಗೆ ಬಂತು. ನೋಡಿದೆಯಾ ಎಂದು ನೀನು ಕೇಳಿಲ್ಲ. ಎರಡನೆಯ ದಿನದ ಮಧ್ಯಾಹ್ನದ ಆಟಕ್ಕೆ ಒಬ್ಬಳೇ ಹೋದೆ. ಆ ಮೂರನೆಯ ಶಾಟನ್ನು ಅವರು ಇಟ್ಟುಕೊಂಡಿದ್ದಾರೆ. ಬಡಿಯುವ ಮುಂಚೆ ಕತ್ತರಿಸಿದ್ದಾರೆ, ನಿನ್ನ ಮೈಗೆ ಆ ಹುಡುಗಿಯ ಮುಖ ಅಂಟಿಸಿದ್ದಾರೆ, ಹಿಂದೆ ಮೋಡ, ಕೆಳಗೆ ಊರು. ಉಲ್ಕೆ ಬೀಳುತ್ತಾಳೆ. ಕೈ ಎದೆಯವರೆಗೆ ಬರುತ್ತದೆ, ನಿಲ್ಲುತ್ತದೆ, ಮತ್ತೆ ಬರುತ್ತದೆ. ಸುತ್ತ ಸಂಗೀತ. ಥಿಯೇಟರಿನಲ್ಲಿ ಶಿಳ್ಳೆ ಬಿತ್ತು. ನನ್ನ ಮುಂದಿನ ಸಾಲಿನ ಗಂಡಸು ಹೆಂಡತಿಗೆ, ನೋಡು ಎಂಥ ಸ್ಟೈಲು ಎಂದ.

ಡೈರೆಕ್ಟರಿಗೆ ಆ ಕೈ ಇಷ್ಟವಾಗಿತ್ತಂತೆ. ನೀನು ಆಪರೇಷನ್ ಕೋಣೆಯಲ್ಲಿದ್ದಾಗ ಅವರು ಮಾನಿಟರಿನಲ್ಲಿ ಅದನ್ನೇ ಹಿಂದೆ ಮುಂದೆ ಓಡಿಸಿ ನೋಡುತ್ತಿದ್ದರಂತೆ. ಆಮೇಲೆ ತೆಗೆದ ದೃಶ್ಯಗಳಲ್ಲೆಲ್ಲ ಆ ಹುಡುಗಿಯ ಕೈಲಿ ಹಾಗೇ ಮಾಡಿಸಿದರು. ಪೋಸ್ಟರಿನಲ್ಲೂ ಅದೇ, ಎದೆಯ ಬಳಿ ಅರ್ಧಕ್ಕೆ ನಿಂತ ಕೈ. ಅದು ಈಗ ಉಲ್ಕೆಯ ಗುರುತು. ನಮ್ಮ ಬೀದಿಯ ಮಕ್ಕಳು ಕಾಂಪೌಂಡು ಗೋಡೆಯಿಂದ ಹಾರುವಾಗ ಬಲಗೈಯನ್ನು ಹಾಗೆ ಎತ್ತಿ, ನಿಲ್ಲಿಸಿ, ಮತ್ತೆ ಎತ್ತಿ ಹಾರುತ್ತಾರೆ. ಗಡಿಯಾರದವರ ಮೊಮ್ಮಗಳು ಮೊನ್ನೆ ನನ್ನನ್ನು ಕರೆದು ಮಾಡಿ ತೋರಿಸಿದಳು. ನನಗೆ ತಡೆಯಲಾಗಲಿಲ್ಲ. ಅವಳ ಮಣಿಕಟ್ಟು ಹಿಡಿದು ತಲೆಯ ಮೇಲಕ್ಕೆ ಎತ್ತಿ, ಹೀಗೆ ಎತ್ತು ಎಂದೆ. ಅವಳು ಕೈ ಬಿಡಿಸಿಕೊಂಡು, "ಹಂಗಲ್ಲ ಆಂಟಿ. ಉಲ್ಕೆ ಹಂಗೆ ಎತ್ತಲ್ಲ" ಎಂದಳು.

ಅಷ್ಟಾದರೂ ನಾನು ನಿನಗೆ ಬರೆಯಲಿಲ್ಲ. ಬರೆಯುವಂತೆ ಮಾಡಿದವಳು ಸೆಂಟಿನ ಹುಡುಗಿ. ಹೋದ ಭಾನುವಾರ ಬೆಳಿಗ್ಗೆ ಮೇಕಪ್ಪಿಲ್ಲದೆ ಮನೆಗೆ ಬಂದಳು. ಮೊದಲು ಗುರುತೇ ಸಿಗಲಿಲ್ಲ, ಕೆಳಗಿನ ಮನೆಗೆ ಗಡಿಯಾರ ಕೊಡಲು ಬಂದವಳು ಅಂದುಕೊಂಡೆ. ಕುರ್ಚಿಯ ಅಂಚಿನಲ್ಲಿ ಕೂತಳು. ಎಲ್ಲಿ ಹೋದರೂ ಜನ ಆ ಕೈ ಮಾಡಿ ತೋರಿಸಿ ಎನ್ನುತ್ತಾರಂತೆ. ಇದು ಯಾರ ಕಲ್ಪನೆ ಎಂದು ಅವಳು ಡೈರೆಕ್ಟರನ್ನು ಕೇಳಿದಳಂತೆ. ಡೂಪಿಗೆ ತಾನಾಗಿ ಬಂದದ್ದು, ದೇವರು ಕೊಟ್ಟದ್ದು ಎಂದರಂತೆ. ಅವಳಿಗೆ ಮೈ ಜುಮ್ಮೆಂದಿತಂತೆ. ಏಕೆಂದರೆ ಅವಳ ಕೈಯೂ ಆ ಸೂಟಿನಲ್ಲಿ ಅಲ್ಲಿಗೇ ನಿಲ್ಲುತ್ತಿತ್ತು. ತುಂಡು ತೆಗೆಯಲು ಹೇಳಿದಾಗ ತಾನು ಆ ಕೋಣೆಯಲ್ಲಿದ್ದೆ, ಬಾಯಿ ಬಿಡಲಿಲ್ಲ ಎಂದಳು. ಬಾಯಿ ಬಿಟ್ಟಿದ್ದರೆ ತನ್ನ ಸೊಂಟದ ಮಾತು ಮತ್ತೆ ಏಳುತ್ತಿತ್ತು ಎಂದು ಹೆದರಿದಳಂತೆ.

ಎಲ್ಲವನ್ನೂ ಎರಡು ಪುಟ ಬರೆದು ಸಹಿ ಮಾಡಿ ತಂದಿದ್ದಳು. ಇದರೊಂದಿಗೆ ಇಟ್ಟಿದ್ದೇನೆ. ಇಪ್ಪತ್ತೆರಡರ ಹುಡುಗಿ ಬರೆದದ್ದನ್ನು ನಲವತ್ತೈದರ ನಾನು ಬರೆದಿರಲಿಲ್ಲ. ನಿನ್ನನ್ನು ನೋಡಲು ಬರಬಹುದೇ ಎಂದು ಕೇಳಿದಳು. ಬೇಡ ಎಂದುಬಿಟ್ಟೆ. ನಿನ್ನ ಪರವಾಗಿ ಹಾಗೆ ಹೇಳುವ ಹಕ್ಕು ನನಗಿರಲಿಲ್ಲ. ಅವಳ ವಿಳಾಸ ಅದೇ ಕಾಗದದ ಹಿಂದಿದೆ, ನೀನೇ ತೀರ್ಮಾನ ಮಾಡು.

ಸೋಮವಾರ ಸ್ಟುಡಿಯೋಗೆ ಹೋಗಿ, ವಿಚಾರಣೆಯಲ್ಲಿ ನಿಜ ಹೇಳುತ್ತೇನೆ ಎಂದು ಮ್ಯಾನೇಜರಿಗೆ ತಿಳಿಸಿದೆ. ಕೂಗಾಡುತ್ತಾರೆ ಎಂದುಕೊಂಡಿದ್ದೆ. ಕೂಗಾಡಲಿಲ್ಲ. ಬೀಗದಕೈ ಗೊಂಚಲು ಮೇಜಿನ ಮೇಲಿಡಿ ಎಂದರು, ಮತ್ತೆ ಫೈಲು ನೋಡತೊಡಗಿದರು. ಗೇಟಿನಲ್ಲಿ ಕಾವಲಿನವನು ನನ್ನ ಚೀಲ ಬಿಚ್ಚಿ ಕತ್ತರಿಯನ್ನು ತಿರುಗಿಸಿ ತಿರುಗಿಸಿ ನೋಡಿದ. ಅವನ ಮದುವೆಯ ಕೋಟು ನಾನೇ ಹೊಲಿದದ್ದು. ನನ್ನ ಕೈಕೆಳಗಿನ ಹದಿನಾಲ್ಕು ಜನರಲ್ಲಿ ಇಬ್ಬರು ಕಿಟಕಿಯವರೆಗೆ ಬಂದರು.

ವಕೀಲರಿಗೆ ಹೇಳು. ಡೈರೆಕ್ಟರ ಸಹಿಯಿರುವ ಪೇಪರ್ ಕಟಿಂಗ್ ನನ್ನ ಬಳಿಯೇ ಇದೆ, ಕೈಯಾರೆ ತಂದುಕೊಡುತ್ತೇನೆ, ಅಂಚೆಯನ್ನು ನಂಬುವುದಿಲ್ಲ. ಅವರು ತೋರಿಸುವ ಸೂಟು ನಕಲಿ. ಅದರ ಕಂಕುಳ ಹೊಲಿಗೆಯ ನೂಲು ಅಪಘಾತವಾದ ಮೂರು ದಿನಕ್ಕೆ ಬಂದ ಪೆಟ್ಟಿಗೆಯದು, ಬಣ್ಣದಲ್ಲಿ ಒಂದು ಛಾಯೆ ವ್ಯತ್ಯಾಸವಿದೆ, ಬೆಳಕಿಗೆ ಹಿಡಿದರೆ ಕಾಣುತ್ತದೆ. ಎಲ್ಲಕ್ಕಿಂತ ದೊಡ್ಡ ಸಾಕ್ಷಿಯನ್ನು ಅವರೇ ಊರೂರಿಗೆ ಹಂಚಿದ್ದಾರೆ. ನೀನು ಸನ್ನೆ ಕೊಟ್ಟೆ. ಎರಡು ಸಲ ಕೊಟ್ಟೆ. ಲಕ್ಷಾಂತರ ಜನ ಟಿಕೆಟು ತೆಗೆದುಕೊಂಡು ಅದನ್ನು ನೋಡಿದ್ದಾರೆ. ನಾನು ಮಾಡಿದ್ದನ್ನೂ ಅಲ್ಲಿ ಹೇಳುತ್ತೇನೆ. ನಂತರ ಯಾರೂ ನನ್ನ ಕೈಗೆ ಬಟ್ಟೆ ಕೊಡುವುದಿಲ್ಲ. ಕೊಡದಿರಲಿ.

ಹೊತ್ತಿಗೆ ಸರಿಯಾಗಿ ತಿನ್ನು. ಎಡಗಾಲಿಗೆ ಎಣ್ಣೆ ಹಚ್ಚಿಸಿಕೊಳ್ಳುವಾಗ ನಾಚಬೇಡ. ವರಾಂಡದ ಆಚೆಗಿನ ಮೆಟ್ಟಿಲುಗಳನ್ನೂ ನೀನು ಇಳಿಯುವಂತಾಗಲಿ, ನಿನ್ನ ಮೈಗೆ ನೋವು ಮರೆಯುವಷ್ಟು ಬಲ ಬರಲಿ, ನಿನ್ನ ಹೆಸರಿಗೆ ಅಂಟಿದ ಕಲೆ ತೊಳೆದು ಹೋಗಲಿ. ನನ್ನ ಆಯುಸ್ಸಿನಲ್ಲಿ ಉಳಿದದ್ದು ನಿನಗೆ ಸೇರಲಿ.

ಇಂತು ನಿನ್ನ
ಅಕ್ಕ

ತಾ.ಕ.: ಇದನ್ನು ಬೇರೆ ಹಾಳೆಯಲ್ಲಿ ಬರೆಯುತ್ತಿದ್ದೇನೆ. ವಕೀಲರಿಗೆ ಕೊಡುವುದೋ ಬಿಡುವುದೋ ನಿನ್ನಿಷ್ಟ. ಕೊಟ್ಟರೂ ಅವರಿಗೆ ಇದರಿಂದ ಏನೂ ಉಪಯೋಗವಿಲ್ಲ.

ಮ್ಯಾನೇಜರು ನಿನಗೆ ಫೋನು ಮಾಡಿದ ಹಿಂದಿನ ದಿನ ಡೈರೆಕ್ಟರು ಒಬ್ಬರೇ ನನ್ನ ಹತ್ತಿರ ಬಂದಿದ್ದರು. "ನನಗೆ ನಿಮ್ಮ ತಂಗಿನೇ ಬೇಕು. ಕಂಪನಿಯವರು ಈ ಸೂಟು ಅವಳಿಗೆ ಕೂರಲ್ಲ ಅಂತಿದಾರೆ. ನೀವು ಕೂರತ್ತೆ ಅಂದ್ರೆ ನಾನು ಅವರ ಹತ್ರ ಜಗಳ ಆಡ್ತೀನಿ" ಎಂದರು. ನಿನ್ನ ಅಳತೆಗೆ ನಾನು ಆಗಲೇ ಆ ಸೂಟಿನ ಕಾಗದ ಕತ್ತರಿಸಿ ಇಟ್ಟಿದ್ದೆ. ನೀನು ಗೋಡೆಯ ಮೇಲೆ ಓಡಿದ ದಿನವೇ, ಸಂತೋಷಕ್ಕೆ. ಅದು ಮೇಜಿನ ಮೇಲೆ ನಮ್ಮಿಬ್ಬರ ನಡುವೆಯೇ ಬಿದ್ದಿತ್ತು.

"ಕೂರಲ್ಲ ಸರ್. ಅವಳ ಭುಜಕ್ಕೆ ಏನು ಹಾಕಿದ್ರೂ ಮೂಟೆ ಹೊತ್ತ ಹಾಗೆ ಕಾಣತ್ತೆ" ಎಂದೆ.

ಅವರು, ಅಕ್ಕನಾದವರೇ ಹೀಗೆ ಹೇಳುತ್ತಿದ್ದೀರಲ್ಲ ಎಂದರು. ಅಕ್ಕನಾದ್ದರಿಂದಲೇ ನಿಜ ಹೇಳುತ್ತಿದ್ದೇನೆ ಎಂದೆ. ಹೊರಟುಹೋದರು.

ನಿನ್ನ ಜೀವಕ್ಕೆ ಹೆದರಿ ಹಾಗೆ ಹೇಳಿದೆ ಎಂದುಕೊಳ್ಳಬೇಡ. ಆ ಕಾರಣ ಸಿಗುತ್ತದೇನೋ ಎಂದು ಒಂದು ವರ್ಷ ನನ್ನೊಳಗೇ ಹುಡುಕಿದ್ದೇನೆ, ಸಿಕ್ಕಲಿಲ್ಲ. ಇಪ್ಪತ್ತಾರು ವರ್ಷ ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ನಾಯಕಿಯರ ಕಾಲ ಬಳಿ ಮಂಡಿಯೂರಿ ಅಂಚು ಮಡಚಿದ್ದೇನೆ. ಒಬ್ಬಳೂ ಬಗ್ಗಿ ನನ್ನ ಮುಖ ನೋಡಿದ್ದಿಲ್ಲ. ನೀನು ಆ ಸ್ಟೂಲಿನ ಮೇಲೆ ನಿಂತು ನನ್ನ ತಲೆಯ ಮೇಲಿಂದ ಕನ್ನಡಿ ನೋಡಿಕೊಳ್ಳುವುದನ್ನು ನೆನೆಸಿಕೊಂಡೆ. ನಾನು ಮೂಗು ಒರೆಸಿ ಬೆಳೆಸಿದವಳ ಎದುರು ಮಂಡಿಯೂರಲು ನನಗೆ ಮನಸ್ಸಾಗಲಿಲ್ಲ. ಇಷ್ಟೇ ಕಾರಣ.

ಆ ಸೂಟು ನಿನಗೆ ಕೂರುತ್ತಿತ್ತು. ಎರಡು ದಿನದ ಕೆಲಸ.